ಕನ್ನಡಿ ಹೊತ್ತವನ ಹಿಂಬದಿ

ಬೈಂಡರ್ ತಾತನ ಮನೆಗೆ ಯಾರೇ ಬರಲಿ, ಕುರ್ಚಿಯಲ್ಲಿ ಕೂತು ಉಸಿರು ಬಿಡುವಷ್ಟರಲ್ಲಿ ಅವರ ತೊಡೆಯ ಮೇಲೆ ಒಂದು ಆಲ್ಬಂ ಬಂದು ಕೂತಿರುತ್ತಿತ್ತು. ಕರೆಂಟಿನ ಮೀಟರ್ ನೋಡಲು ಬಂದವನಿಗೂ ಬಿಡುಗಡೆ ಇರಲಿಲ್ಲ, ನಲ್ಲಿ ರಿಪೇರಿಗೆ ಬಂದವನಿಗೂ ಇರಲಿಲ್ಲ. “ಒಂದೇ ಒಂದು ಪುಟ ನೋಡಿಬಿಡಿ ಸ್ವಾಮಿ” ಎಂದು ತಾತ ಶುರು ಮಾಡಿದರೆ ಆ ಒಂದು ಪುಟ ಮುಗಿಯಲು ಒಂದೂವರೆ ಗಂಟೆ ಬೇಕು. ನಲ್ಲಿಯವನು ಹೊರಟ ಮೇಲೂ ನಲ್ಲಿ ಸೋರುತ್ತಲೇ ಇರುತ್ತಿತ್ತು.

“ಅವನೇನೋ ನಗ್ತಾ ಹೋದ. ನಾನಿಲ್ಲಿ ಬಕೆಟ್ ಹಿಡ್ಕೊಂಡು ಕೂತಿದೀನಿ” ಎಂದು ಅಜ್ಜಿ ಅಡುಗೆಮನೆಯಿಂದಲೇ ಹೇಳುತ್ತಿದ್ದರು.

ಒಟ್ಟು ಇಪ್ಪತ್ತಮೂರು ಆಲ್ಬಂ. ಅಷ್ಟರಲ್ಲೂ ಇದ್ದದ್ದು ಒಂದೇ ವಾರಪತ್ರಿಕೆಯ ಕಾರ್ಟೂನುಗಳು. ಆ ಪತ್ರಿಕೆ ಕಣ್ಣು ಮುಚ್ಚಿ ಯಾವ ಕಾಲವಾಯಿತೋ. ಅದು ಬದುಕಿದ್ದಷ್ಟು ದಿನ ಗುರುವಾರ ಬೆಳಿಗ್ಗೆ ಅಂಗಡಿಯ ಮುಂದೆ ಮೊದಲು ನಿಲ್ಲುತ್ತಿದ್ದವರು ತಾತ. ಬೈಂಡಿಂಗ್ ಕೆಲಸದ ಮಧ್ಯೆ ಊಟಕ್ಕೆ ಬಿಟ್ಟಾಗ ತಮ್ಮದೇ ಕತ್ತರಿಯಿಂದ ಕಾರ್ಟೂನನ್ನು ಗೆರೆಗೆ ಸರಿಯಾಗಿ ಕತ್ತರಿಸಿ, ಮೈದಾ ಅಂಟು ಹಚ್ಚಿ, ಒಂದು ಸುಕ್ಕೂ ಬರದಂತೆ ಕೂರಿಸುತ್ತಿದ್ದರು. ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿದ್ದರಿಂದ ಐವತ್ತು ವರ್ಷವಾದರೂ ಒಂದು ಹುಳ ಇತ್ತ ತಲೆ ಹಾಕಿರಲಿಲ್ಲ. ನೋಡುವವರು ಕಾರ್ಟೂನ್ ನೋಡುತ್ತಿದ್ದರೆ ತಾತ ನೋಡುವವರ ಮುಖ ನೋಡುತ್ತಿದ್ದರು. ತುಟಿಯ ಯಾವ ಮೂಲೆ ಮೊದಲು ಅಲುಗುತ್ತದೆ ಎನ್ನುವುದೇ ಅವರಿಗೆ ಸಿನಿಮಾ.

ಒಂದನೇ ಆಲ್ಬಮ್ಮಿನ ಮೊದಲ ಪುಟದಲ್ಲಿ ಕನ್ನಡಿ ಹೊತ್ತವನಿದ್ದ. ಒಬ್ಬ ಕೂಲಿಯಾಳು ಆಳೆತ್ತರದ ಕನ್ನಡಿಯನ್ನು ಬೆನ್ನಿಗೆ ಕಟ್ಟಿಕೊಂಡು ಬೀದಿಯಲ್ಲಿ ಹೋಗುತ್ತಿದ್ದಾನೆ. ಅವನ ಹಿಂದೆ ಊರಿಗೆ ಊರೇ ಸಾಲುಗಟ್ಟಿ ನಡೆಯುತ್ತಿದೆ. ಒಬ್ಬ ಮೀಸೆ ತೀಡುತ್ತಿದ್ದಾನೆ, ಒಬ್ಬಳು ಹೆರಳು ಸರಿಮಾಡಿಕೊಳ್ಳುತ್ತಿದ್ದಾಳೆ, ಪೊಲೀಸಿನವನು ಹೊಟ್ಟೆ ಒಳಗೆಳೆದುಕೊಂಡಿದ್ದಾನೆ. ಕೂಲಿಯಾಳಿಗೆ ಮಾತ್ರ ಇದೊಂದೂ ಗೊತ್ತಿಲ್ಲ. ಅವನು ಬೆವರು ಒರೆಸಿಕೊಳ್ಳುತ್ತಿದ್ದಾನೆ. ಕೆಳಗೆ ಒಂದು ಮಾತೂ ಇಲ್ಲ. ಈ ಪುಟ ತೋರಿಸುವಾಗ ಮಾತ್ರ ತಾತ ಬಲಮೂಲೆಯ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ತೋರಿಸುತ್ತಿದ್ದರು. ಬೆರಳು ತೆಗೆಯಿರಿ ಎಂದು ಕೇಳಿದವರಿಗೆ, “ಅಲ್ಲಿ ಸ್ವಲ್ಪ ಹರಿದಿದೆ” ಎನ್ನುತ್ತಿದ್ದರು. ಅಲ್ಲೇನೂ ಹರಿದಿರಲಿಲ್ಲ.

ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಇಬ್ಬರು ಹೆಂಗಸರು ಬಾಗಿಲಲ್ಲಿ ನಿಂತರು. ಒಬ್ಬರಿಗೆ ಎಂಬತ್ತು ದಾಟಿದೆ, ಕೈಯಲ್ಲಿ ಕೋಲು, ಕಣ್ಣಿಗೆ ಬಾಟಲಿಯ ತಳದಂಥ ಕನ್ನಡಕ. ಇನ್ನೊಬ್ಬಳಿಗೆ ಐವತ್ತರ ಮೇಲೆ. ಕೊರಳಲ್ಲಿ ಅಳತೆ ಟೇಪು ಹಾಗೇ ಉಳಿದಿದೆ, ಕೆಲಸದ ಮಧ್ಯೆ ಎದ್ದು ಬಂದವಳ ಹಾಗೆ.

“ಹಳೇ ಪೇಪರ್ ಅಂಗಡಿಯವರು ಕಳಿಸಿದ್ರು. ಆ ವಾರಪತ್ರಿಕೆ ಪೂರ್ತಿ ಇರೋದು ನಿಮ್ಮ ಹತ್ರ ಒಬ್ಬರ ಹತ್ರಾನೇ ಅಂತೆ” ಎಂದಳು ಟೇಪಿನವಳು.

ತಾತನ ಎದೆ ಒಂದು ಅಂಗುಲ ಉಬ್ಬಿತು. “ಪೂರ್ತಿ ಅಂದ್ರೆ ಕಾರ್ಟೂನ್ ಪೂರ್ತಿ. ಕಥೆಗೆ ಹಾಕೋ ಚಿತ್ರಗಳ್ನ ನಾನು ಮುಟ್ಟಿಲ್ಲಮ್ಮ. ಅದೆಲ್ಲ ಜಾಗ ತುಂಬಿಸೋಕೆ. ಒಬ್ಬಳು ಕಿಟಕಿ ಹತ್ರ ನಿಂತಿರ್ತಾಳೆ, ಒಬ್ಬ ಬೆನ್ನು ತೋರಿಸ್ಕೊಂಡು ಹೋಗ್ತಿರ್ತಾನೆ. ವರ್ಷವೆಲ್ಲಾ ಅದೇ ಕಿಟಕಿ, ಅದೇ ಬೆನ್ನು.”

“ನಿಜ” ಎಂದರು ಕೋಲಿನವರು, ಕುರ್ಚಿಯಲ್ಲಿ ನಿಧಾನವಾಗಿ ಕೂರುತ್ತಾ. “ಹನ್ನೊಂದು ವರ್ಷ ಆ ಕಿಟಕಿಗಳನ್ನೆಲ್ಲ ಬರೆದವಳು ನಾನೇ. ಬೆನ್ನು ಬರೆಯೋದು ಸುಲಭ. ಅದಕ್ಕೇ ನನ್ನ ಚಿತ್ರಗಳಲ್ಲಿ ಅಷ್ಟೊಂದು ಗಂಡಸರು ಬಿಟ್ಟು ಹೋಗ್ತಿದ್ರು.”

ಅಡುಗೆಮನೆಯಲ್ಲಿ ಅಜ್ಜಿ ಕಿಸಕ್ಕನೆ ನಕ್ಕದ್ದು ಇಲ್ಲಿಯವರೆಗೆ ಕೇಳಿಸಿತು. ತಾತ ನೆಲ ನೋಡಿದರು, ಸೂರು ನೋಡಿದರು, ಕೊನೆಗೆ “ಟೀ ಕುಡೀತೀರಾ?” ಎಂದರು.

ಟೀ ಬಂತು, ಜೊತೆಗೆ ಅಜ್ಜಿಯೂ ಬಂದು ಕೂತರು. ಆಮೇಲೆ ಚಿತ್ರಗಾರ್ತಿ ತಾವು ಬಂದ ಕೆಲಸ ಹೇಳಿದರು.

ಅವರಿಗೆ ಒಬ್ಬಳು ತಂಗಿ ಇದ್ದಳಂತೆ. ಎದುರಿಗೆ ಕೂರಿಸಿಕೊಂಡು ಬರೆಯಲು ಬೇರೆ ಯಾರಿದ್ದರು? ಮನೆಯವರನ್ನೇ ನಿಲ್ಲಿಸಿಕೊಂಡು ಬರೆಯುತ್ತಿದ್ದರು. ಪತ್ರಿಕೆಯಲ್ಲಿ ಬಂದ ಜಮೀನ್ದಾರರೆಲ್ಲ ಅವರ ಅಪ್ಪ, ಅತ್ತೆಯರೆಲ್ಲ ಪಕ್ಕದ ಮನೆಯಾಕೆ. ತಂಗಿ ಮಾತ್ರ ಕೂರುತ್ತಿರಲಿಲ್ಲ. ಎರಡು ನಿಮಿಷಕ್ಕೆ ಮೂಗು ಕೆರೆಯುತ್ತಿದ್ದಳು. ಒಂದೇ ಒಂದು ಸಲ, ಬಸುರಿಯಾಗಿ ತವರಿಗೆ ಬಂದಿದ್ದಾಗ, ಓಡಾಡಲಾರದೆ ಕೂತಳು. ಆಗ ಬರೆದದ್ದು ಒಂದು ಚಿತ್ರ. ಆ ಮಗುವಿಗೆ ಐದು ತಿಂಗಳಾಗಿದ್ದಾಗ ತಂಗಿ ಜ್ವರ ಬಂದು ತೀರಿಕೊಂಡಳು.

“ಆ ಮಗು ಇವಳೇ” ಎಂದರು ಚಿತ್ರಗಾರ್ತಿ, ಟೇಪಿನವಳ ಮಂಡಿಯ ಮೇಲೆ ಕೈಯಿಟ್ಟು. “ಶಾಲೆ ಮಕ್ಕಳ ಸಮವಸ್ತ್ರ ಹೊಲೀತಾಳೆ. ನನ್ನನ್ನ ದೊಡ್ಡಮ್ಮ ಅಂತ ಕರೀತಾಳೆ, ಸಾಕಿದವಳೂ ನಾನೇ. ಮದುವೆ ಫೋಟೋ ಅಂತ ಒಂದಿತ್ತು. ಮನೆ ಬದಲಾಯಿಸುವಾಗ ಟ್ರಂಕ್ ಸಮೇತ ಹೋಯ್ತು. ಇವಳು ಅಮ್ಮನ ಮುಖಾನೇ ನೋಡಿಲ್ಲ.”

“ದೊಡ್ಡಮ್ಮ, ನೀವೇ ಬರೆದು ತೋರಿಸಬಹುದಿತ್ತಲ್ಲಾ?” ಎಂದರು ಅಜ್ಜಿ. ಅವರಿಗೆ ಆಗಲೇ ಸಂಬಂಧ ಅಂಟಿಕೊಂಡಿತ್ತು.

“ಬರೆದೆ. ಎಷ್ಟು ಸಲ ಬರೆದೆ! ನೆನಪಿಂದ ಬರೆದ್ರೆ ಒಂದೋ ಇವಳ ಮುಖ ಬರುತ್ತೆ, ಇಲ್ಲ ನನ್ನದೇ ಬರುತ್ತೆ. ಅವಳು ಬರ್ತಾನೇ ಇಲ್ಲ. ಆಗಲೂ ಅಷ್ಟೇ, ಕರೆದ್ರೆ ಬರ್ತಿರಲಿಲ್ಲ.”

ಅಚ್ಚಿಗೆ ಕಳಿಸಿದ ಮೂಲಚಿತ್ರ ತಿರುಗಿ ಬಂದಿರಲಿಲ್ಲ. ಗ್ರಂಥಾಲಯದಲ್ಲಿದ್ದ ಆ ವರ್ಷದ ಸಂಪುಟವನ್ನು ಗೆದ್ದಲು ಮೊದಲೇ ಓದಿ ಮುಗಿಸಿತ್ತು. ಕಥೆಯ ಹೆಸರು ದೊಡ್ಡಮ್ಮನಿಗೆ ಮರೆತಿದೆ. “ಆದ್ರೆ ಒಂದು ಗುರುತಿದೆ” ಎಂದರು. “ಪತ್ರಿಕೆ ಬಂದಾಗ ನನ್ನ ತಂಗಿ ನನ್ನ ಚಿತ್ರ ನೋಡಿದ್ದು ಅರ್ಧ ನಿಮಿಷ. ಹಾಳೆ ತಿರುಗಿಸಿ, ಹಿಂದೆ ಇದ್ದ ಕಾರ್ಟೂನ್ ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕಳು. ‘ಅಕ್ಕಾ, ಇದನ್ನ ಬಿಟ್ಟು ನನ್ನ ಮುಖ ಯಾರು ನೋಡ್ತಾರೆ?’ ಅಂದಳು. ಒಬ್ಬ ಕನ್ನಡಿ ಹೊತ್ಕೊಂಡು ಹೋಗ್ತಿರ್ತಾನೆ, ಹಿಂದೆ ಊರೆಲ್ಲಾ...”

“ಇದೆ!” ತಾತ ಎದ್ದೇ ಬಿಟ್ಟರು. “ನನ್ನ ಹತ್ರ ಇದೆ! ಮೊದಲನೇ ಪುಟ!” ಎಪ್ಪತ್ತೈದರ ಮಂಡಿ ಎಂಬುದು ಮರೆತು ಕಪಾಟಿಗೆ ಓಡಿದರು. ಒಂದನೇ ಆಲ್ಬಮ್ಮನ್ನು ಎರಡೂ ಕೈಯಲ್ಲಿ ತಂದು ಮೇಜಿನ ಮೇಲಿಟ್ಟು ತೆರೆದರು. ಕನ್ನಡಿ ಹೊತ್ತವನು ಬೆವರು ಒರೆಸಿಕೊಳ್ಳುತ್ತಿದ್ದ.

“ಇವನೇ. ಇವನೇ!” ಎಂದರು ದೊಡ್ಡಮ್ಮ, ಮೂಗು ಹಾಳೆಗೆ ತಾಗುವಷ್ಟು ಬಗ್ಗಿ.

ಟೈಲರಮ್ಮ ಕೈ ಚಾಚಿ ಹಾಳೆ ತಿರುವಿದಳು. ಹಿಂಬದಿಯಲ್ಲಿ ಇನ್ನೊಂದು ಕಾರ್ಟೂನಿತ್ತು, ಮರ ಹತ್ತಿದ ವೈದ್ಯನೂ ಕೆಳಗೆ ನಿಂತ ರೋಗಿಯೂ. ಅವಳು ಅದನ್ನು ನೋಡಿದಳು, ಮತ್ತೆ ತಿರುವಿದಳು. ಮತ್ತೆ ಕನ್ನಡಿಯವನು. ಮತ್ತೆ ವೈದ್ಯ.

“ನನ್ನಮ್ಮ ಎಲ್ಲಿ?”

ತಾತನಿಗೆ ಅರ್ಥವಾದದ್ದು ಆಗ. ಕಾರ್ಟೂನಿನ ಹಿಂಬದಿಗೆ ಉದ್ದಗಲಕ್ಕೂ ಅಂಟು ಹಚ್ಚಿ, ಬಟ್ಟೆಯಿಂದ ತೀಡಿ ತೀಡಿ ಕೂರಿಸಿದವರು ತಾವೇ. ಹಿಂದೆ ಏನಿದೆ ಎಂದು ಒಂದು ಸಲವೂ ತಿರುಗಿಸಿ ನೋಡಿರಲಿಲ್ಲ. ಆ ಹೆಣ್ಣು ಮಗಳು ಐವತ್ತಮೂರು ವರ್ಷದಿಂದ ಅಲ್ಲೇ, ಮುಖ ಗೋಡೆಗೆ ಮಾಡಿ ನಿಂತ ಹಾಗೆ ಇದ್ದಳು.

“ಹಿಂದೆ ಇದಾರೆ” ಎಂದರು. “ಅಂಟಿಸಿಬಿಟ್ಟಿದೀನಿ ತಾಯಿ.”

“ಬಿಡಿಸೋಕೆ ಆಗಲ್ವಾ?”

ಆಗುತ್ತದೆ. ಬೈಂಡರನಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಮೈದಾ ಅಂಟು ನೀರಿಗೆ ಬಿಡುತ್ತದೆ. ಅಚ್ಚಿನ ಕಪ್ಪು ಶಾಯಿ ನೀರಿಗೆ ಜಗ್ಗುವುದಿಲ್ಲ. ಕಾಗದ ಹಳದಿಯಾಗಿದೆ, ಹಪ್ಪಳದ ಹಾಗೆ ಮುರಿಯುವಂತಿದೆ, ಆದರೂ ತಾಳ್ಮೆಯಿದ್ದರೆ ಬಿಡಿಸಬಹುದು. ತಾತ ಹೇಳಲು ಬಾಯಿ ತೆರೆದರು. ಹಾಳೆಯನ್ನು ಕನ್ನಡಿಯವನ ಕಡೆಗೆ ತಿರುವಿದ ಕೈ ಅಭ್ಯಾಸದಂತೆ ಬಲಮೂಲೆ ಮುಚ್ಚಿತ್ತು. ಕಣ್ಣು ಆ ಹೆಬ್ಬೆರಳಿನ ಮೇಲೆ ಹೋಯಿತು. ಬಾಯಿ ಮುಚ್ಚಿತು.

“ನಾಳೆ ಬನ್ನಿ. ನೋಡೋಣ” ಎಂದರು.

ಟೈಲರಮ್ಮ ಟೇಪನ್ನು ಕೊರಳಿಂದ ತೆಗೆದು ಬೆರಳಿಗೆ ಸುತ್ತುತ್ತಾ ಕೂತಳು. ಸುತ್ತಿದಳು, ಬಿಚ್ಚಿದಳು. ಏಳಲಿಲ್ಲ. ಐವತ್ತೆರಡು ವರ್ಷ ಕಾದವಳಿಗೆ ನಾಳೆ ಎಂದರೆ ಏನು ಮಹಾ ಎಂದು ಯಾರಿಗಾದರೂ ಅನ್ನಿಸಬಹುದು. ಒಂದು ಕಾಗದದ ದಪ್ಪದಷ್ಟು ದೂರದಲ್ಲಿ ಅಮ್ಮ ಇರುವಾಗ ನಾಳೆ ಬಹಳ ಉದ್ದ.

ಅಜ್ಜಿ ಗಂಡನ ಕೈ ಹಿಡಿದು ಹೆಬ್ಬೆರಳನ್ನು ಪಕ್ಕಕ್ಕೆ ಸರಿಸಿದರು. ಸಾಲಿನ ಕಟ್ಟಕಡೆಯಲ್ಲಿ, ಎಲ್ಲರಿಗಿಂತ ಹಿಂದೆ ಬಿದ್ದು ಹಿಮ್ಮಡಿ ಎತ್ತಿ ಇಣುಕುತ್ತಿದ್ದ ಒಬ್ಬ ಸಣಕಲು ಹುಡುಗನಿಗೆ ನೀಲಿ ಪೆನ್ನಿನಲ್ಲಿ ಒಂದು ಬಾಣದ ಗುರುತು. ಪಕ್ಕದಲ್ಲಿ ಗುಂಡಗಿನ ಅಕ್ಷರ: ‘ಈ ಸಾಲಲ್ಲಿ ಕೊನೆಯವನು ನಾನು.’

“ಬೈಂಡಿಂಗ್ ಶೆಡ್ಡಲ್ಲಿ ನಾನು ಅಚ್ಚಾದ ಹಾಳೆಗಳ ಫಾರಂ ಮಡಿಸ್ತಿದ್ದೆ” ಎಂದು ಅಜ್ಜಿ ಬಂದವರಿಗೆ ಹೇಳಿದರು, ಯಾರದೋ ಕಥೆ ಹೇಳುವ ಹಾಗೆ. “ಇವರು ಬಾಯಿ ಬಿಟ್ಟು ಒಂದು ಮಾತಾಡಿದವರಲ್ಲ. ಒಂದಿನ ಇದನ್ನ ಬರೆದು ನನ್ನ ಊಟದ ಡಬ್ಬಿ ಕೆಳಗೆ ಇಟ್ಟು ಓಡಿಹೋದ್ರು. ಎರಡು ದಿನ ಇಟ್ಕೊಂಡೆ. ಮೂರನೇ ದಿನ ವಾಪಸ್ ಕೊಟ್ಟು, ‘ಸಾಲು ಬಹಳ ಉದ್ದ ಇದೆ, ಸ್ವಲ್ಪ ಮುಂದೆ ಬನ್ನಿ’ ಅಂದೆ.”

“ಪೆನ್ನಿನ ಶಾಯಿ” ಎಂದರು ತಾತ ಮೆಲ್ಲಗೆ. “ನೀರು ಬಿದ್ರೆ ಉಳಿಯಲ್ಲ.”

“ಉಳಿಯದೇ ಇದ್ರೆ ಏನೀಗ? ನನಗೆ ಬಾಯಿಪಾಠ ಇದೆ. ನಿಮಗೂ ಇದೆ. ಈ ಹುಡುಗಿಗೆ ಬಾಯಿಪಾಠ ಇರೋದು ಏನಿದೆ ಹೇಳಿ?” ಅಜ್ಜಿ ಎದ್ದರು. “ದೊಡ್ಡ ತಟ್ಟೆ ತರ್ತೀನಿ. ನೀರು ತಣ್ಣಗಿರಬೇಕೋ, ಬೆಚ್ಚಗೋ?”

ತಾತ ಹೆಂಡತಿಯ ಮುಖ ನೋಡಿದರು.

“ಉಗುರು ಬೆಚ್ಚಗೆ” ಎಂದರು.

ಪುಟವನ್ನು ಆಲ್ಬಮ್ಮಿನಿಂದ ಬಿಡಿಸಿ, ತೆಳು ಬಟ್ಟೆಯ ಮೇಲೆ ಮಲಗಿಸಿ, ಮಗುವನ್ನು ಮೊದಲ ಸಲ ನೀರಿಗಿಳಿಸುವವರಂತೆ ನಾಲ್ಕು ಮೂಲೆ ಹಿಡಿದು ತಟ್ಟೆಯೊಳಗೆ ಇಳಿಸಿದರು. ನೀರು ಏರಿತು. ಮೊದಲು ಪೊಲೀಸಿನವನ ಬೂಟು ಒದ್ದೆಯಾಯಿತು, ಆಮೇಲೆ ಕನ್ನಡಿ. ಬಲಮೂಲೆಯಿಂದ ಒಂದು ನೀಲಿ ಎಳೆ ಹೊರಟು, ಹೊಗೆಯ ಹಾಗೆ ಸುತ್ತಿ, ಅಗಲವಾಗಿ, ತೆಳ್ಳಗಾಗಿ, ಇಲ್ಲವಾಯಿತು. ತಾತ, ಅಜ್ಜಿ ಇಬ್ಬರೂ ಅದನ್ನೇ ನೋಡುತ್ತಿದ್ದರು.

“ಹೋಯ್ತು” ಎಂದರು ತಾತ.

“ಸಾಲು ಕರಗಿತು ಬಿಡಿ” ಎಂದರು ಅಜ್ಜಿ. “ನೀವು ಮುಂದೆ ಬಂದು ಐವತ್ತು ವರ್ಷ ಆಯ್ತಲ್ಲಾ.”

ಮುಕ್ಕಾಲು ಗಂಟೆ ಯಾರೂ ಅವಸರ ಮಾಡಲಿಲ್ಲ. ಟೈಲರಮ್ಮ ಮೇಜಿನ ಅಂಚಿಗೆ ಗಲ್ಲವಿಟ್ಟು ತಟ್ಟೆಯ ಮಟ್ಟಕ್ಕೆ ಕಣ್ಣು ತಂದು ಕೂತಿದ್ದಳು. ಕೊನೆಗೆ ಕಾಗದದ ಒಂದು ತುದಿ ತಾನಾಗಿಯೇ ಎದ್ದಿತು. ತಾತ ಒದ್ದೆ ಬ್ರಷ್ಷನ್ನು ಕೆಳಗೆ ತೂರಿಸಿ, ಒಂದೊಂದೇ ಬೆರಳಗಲ ಬಿಡಿಸುತ್ತಾ ಬಂದರು. ಆಮೇಲೆ ಉಸಿರು ಕಟ್ಟಿ, ಬಟ್ಟೆ ಸಮೇತ ಎತ್ತಿ, ಗಾಜಿನ ಮೇಲೆ ಬೋರಲು ಹಾಕಿದರು. ಮೇಲಿದ್ದ ಹಳೆಯ ಅಂಟನ್ನು ತೊಳೆದರು.

ಕಿಟಕಿ ಬಂತು. ಅದೇ ಕಿಟಕಿ! ತಾತನಿಗೆ ನಗುವೂ ನಾಚಿಕೆಯೂ ಒಟ್ಟಿಗೆ ಬಂದವು. ಕಿಟಕಿಯ ಸರಳು, ಸರಳಿನ ನೆರಳು ಬಿದ್ದ ಹಣೆ, ನಡುವೆ ತೆಗೆದ ಬೈತಲೆ, ಕೆಳಗೆ ಬಾಗಿದ ರೆಪ್ಪೆ. ಎಷ್ಟು ಸಣ್ಣ ಗೆರೆಗಳು! ಒಂದೊಂದು ರೆಪ್ಪೆಗೂದಲನ್ನು ಬೇರೆಬೇರೆಯಾಗಿ ಎಳೆದ ಕೈ ಅದು. ಅದರ ಕೆಳಗೆ ಮೂಗಿನ ತುದಿ. ಅಲ್ಲಿಗೆ ಕಾಗದ ಮುಗಿದಿತ್ತು, ಕತ್ತರಿಯ ನೇರ ಗೆರೆಗೆ.

ಟೈಲರಮ್ಮ ಗಾಜಿನ ಮೇಲೆ ಬಗ್ಗಿದಳು.

“ಅಳ್ತಿದಾಳಾ?” ಎಂದಳು. “ದೊಡ್ಡಮ್ಮ, ಅಮ್ಮ ಅಳ್ತಿದಾಳೆ.”

“ಇಲ್ಲ ಕಣೇ! ಕಥೆಯಲ್ಲಿ ಅಳ್ತಾಳೆ. ಗಂಡ ಬರಲ್ಲ ಅಂತ ಕಾಗದ ಬರುತ್ತೆ, ಓದಿ ಅಳ್ತಾಳೆ. ‘ಅಳೋ ಮುಖ ಮಾಡೇ’ ಅಂದೆ. ಇವಳಿಗೆ ನಗು ತಡೆಯೋಕಾಗಲಿಲ್ಲ. ತುಟಿ ಕಚ್ಚಿಕೊಂಡು ಕೂತಿದಾಳೆ. ನಾನು ಕಂಡದ್ದನ್ನೇ ಬರೆದೆ. ಆಮೇಲೆ ಸಂಪಾದಕರ ಕಾಗದ ಬಂತು, ‘ಅಮ್ಮಾ, ಗಂಡ ಬಿಟ್ಟು ಹೋದ್ರೆ ನಿಮ್ಮ ಕಡೆ ಹೀಗೆ ನಗ್ತಾರಾ?’ ಅಂತ. ಆ ನಗು ಬಾಯಲ್ಲಿತ್ತು. ಬಾಯಿ ಕೆಳಗಿತ್ತು.” ಅವರ ಬೆರಳು ಕತ್ತರಿಯ ಗೆರೆಯ ಕೆಳಗಿನ ಬರೀ ಗಾಜನ್ನು ತಡವಿತು. “ಈಗ ಇವಳಿಗೆ ಅಳೋ ಅಮ್ಮ ಸಿಕ್ಕಿದ ಹಾಗಾಯ್ತಲ್ಲಾ.”

“ಬಿಡಿ ದೊಡ್ಡಮ್ಮ. ಕಣ್ಣು ಸಿಕ್ತಲ್ಲ, ಸಾಕು” ಎಂದಳು ಟೈಲರಮ್ಮ. ಸಾಕು ಎನ್ನುವ ದನಿ ಅಲ್ಲ ಅದು.

“ಕೆಳಗಿನ ಚೂರು ಏನು ಮಾಡಿದ್ರಿ ನೀವು?” ಎಂದು ಅಜ್ಜಿ ಗಂಡನನ್ನು ಕೇಳಿದರು, ಒಂದು ಗಂಟೆಯ ಹಿಂದೆ ಎಲ್ಲೋ ಇಟ್ಟ ಕನ್ನಡಕ ಕೇಳುವ ಹಾಗೆ.

“ಐವತ್ತು ವರ್ಷದ ಹಿಂದಿನ ಕತ್ತರಿ ಚೂರು ಕಣೇ. ಅದೆಲ್ಲಾ...” ತಾತ ಅರ್ಧಕ್ಕೆ ನಿಲ್ಲಿಸಿದರು.

ಬೈಂಡರ್ ಯಾವ ಚೂರನ್ನೂ ಎಸೆಯುವುದಿಲ್ಲ. ಪುಸ್ತಕ ಹೊಲಿದ ಮೇಲೆ ಬೆನ್ನಿಗೆ ಬಿಸಿ ಅಂಟು ಬಳಿದು, ಅದರ ಮೇಲೆ ರದ್ದಿ ಕಾಗದದ ಪಟ್ಟಿಗಳನ್ನು ಒಂದರ ಮೇಲೊಂದು ಕೂರಿಸಿ, ಆಮೇಲೆ ಬಟ್ಟೆ ಹೊದಿಸಬೇಕು. ಇಲ್ಲದಿದ್ದರೆ ಬೆನ್ನು ನಿಲ್ಲುವುದಿಲ್ಲ. ಅಜ್ಜಿ ‘ಸ್ವಲ್ಪ ಮುಂದೆ ಬನ್ನಿ’ ಎಂದ ಅದೇ ವಾರ, ಆ ಖುಷಿಯಲ್ಲೇ, ತಾತ ಈ ಒಂದನೇ ಆಲ್ಬಂ ಕಟ್ಟಿದ್ದರು. ಕೈಗೆ ಸಿಕ್ಕ ಚೂರುಗಳು ಯಾವುವು? ಆ ವಾರದ್ದೇ.

ತಾತ ಆಲ್ಬಮ್ಮನ್ನು ಎತ್ತಿ ಬೆನ್ನನ್ನು ಬೆಳಕಿಗೆ ಹಿಡಿದರು. ಮೆರುಗು ಹೋದ ಕೆಂಪು ಬಟ್ಟೆ. ಅವರು ಜೀವಮಾನದಲ್ಲಿ ತಮಗಾಗಿ ಕಟ್ಟಿದ ಮೊದಲ ಪುಸ್ತಕ, ಒಂದು ಎಳೆ ಸಡಿಲವಾಗಿರಲಿಲ್ಲ. ಚಾಕು ತೆಗೆದುಕೊಂಡು, ಈ ಸಲ ಯಾರ ಮುಖವನ್ನೂ ನೋಡದೆ, ಮೇಲಿಂದ ಕೆಳಗಿನವರೆಗೆ ಸೀಳಿದರು.

“ಅಯ್ಯೋ, ಎಂಥ ಬೈಂಡಿಂಗು!” ಎಂದಳು ಟೈಲರಮ್ಮ. ಹೊಲಿಗೆಯವಳಿಗೆ ಹೊಲಿಗೆಯ ಬೆಲೆ ಗೊತ್ತು.

“ಬಿಚ್ಚೋಕೆ ಬರದವನಿಗೆ ಹೊಲಿಯೋಕೂ ಬರಲ್ಲ ಅಂತ ನಮ್ಮ ಮೇಸ್ತ್ರಿ ಬಯ್ಯೋರು” ಎಂದರು ತಾತ.

ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಬೆನ್ನಿಗೆ ಹಾಕುವುದು, ಆರಿದರೆ ಬದಲಾಯಿಸುವುದು. ಅಜ್ಜಿ ಹಿಂಡಿ ಕೊಟ್ಟರು, ತಾತ ಹಾಕಿದರು, ಟೈಲರಮ್ಮ ಆರಿದ್ದನ್ನು ಒಯ್ದು ಕೊಟ್ಟಳು. ದೊಡ್ಡಮ್ಮ ಕೋಲಿನ ಮೇಲೆ ಗಲ್ಲವಿಟ್ಟು ತಂಗಿಯನ್ನು ಬಯ್ಯುತ್ತಾ ಕೂತರು: “ಒಂದು ಕಡೆ ಕೂರೋಳಾ ಇವಳು! ಅರ್ಧ ಅಲ್ಲಿ, ಅರ್ಧ ಇಲ್ಲಿ.” ಮೊದಲ ಪಟ್ಟಿ ಎದ್ದಿತು. ತಲೆನೋವಿನ ಮಾತ್ರೆಯ ಜಾಹೀರಾತು. ಎರಡನೆಯದು ಪದಬಂಧದ ಅರ್ಧ, ಎಲ್ಲಾ ತಪ್ಪು ತುಂಬಿಸಿದ್ದು. “ನಿಮ್ಮ ಅಕ್ಷರ” ಎಂದರು ಅಜ್ಜಿ. ಮೂರನೆಯದನ್ನು ಬೈಂಡರುಗಳ ಚಪ್ಪಟೆ ಮೂಳೆ ಕಡ್ಡಿಯಿಂದ ತೀಡಿ ಬಿಡಿಸಿ ತಾತ ತಿರುಗಿಸಿದಾಗ ಎರಡು ಬೆರಳಗಲದ ಕಂದು ಕಾಗದದಲ್ಲಿ ಒಂದು ಕೈ ಕಂಡಿತು. ಕೈಯಲ್ಲಿ ಮಡಿಚಿದ ಕಾಗದ. ಅದರ ಮೇಲೆ ಗಲ್ಲ.

ತೊಳೆದು, ಗಾಜಿನ ಮೇಲೆ, ಕಣ್ಣುಗಳ ಕೆಳಗೆ ತಂದು ಜೋಡಿಸಿದರು. ನಡುವೆ ದಾರದಷ್ಟು ಸಂದು.

ನಗುತ್ತಿದ್ದಳು. ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರೂ ಕೆನ್ನೆ ಕೇಳಿರಲಿಲ್ಲ. ಅದು ಗುಳಿ ಬಿದ್ದು ಗುಟ್ಟು ಬಿಟ್ಟುಕೊಟ್ಟಿತ್ತು. ಆ ಬಾಯಿ ಬಂದದ್ದೇ ಮೇಲಿನ ಕಣ್ಣೂ ಬೇರೆಯಾಯಿತು. ರೆಪ್ಪೆ ಬಾಗಿದ್ದು ದುಃಖಕ್ಕಲ್ಲ, ಅಕ್ಕನ ಕಣ್ಣಿಗೆ ಕಣ್ಣು ಸೇರಿದರೆ ಪಕ್ಕನೆ ನಕ್ಕುಬಿಡುತ್ತೇನೆ ಎಂಬ ಭಯಕ್ಕೆ.

ಜೀವನವಿಡೀ ನಗುವವರ ಮುಖ ನೋಡಿದ ತಾತ, ಈ ಸಲ ಟೈಲರಮ್ಮನ ಮುಖ ನೋಡಲಾರದೆ ಬಟ್ಟೆ ಹಿಂಡುತ್ತಾ ನಿಂತರು.

“ಎಷ್ಟು ಚಿಕ್ಕವಳು” ಎಂದಳು ಅವಳು ಕೊನೆಗೆ. “ದೊಡ್ಡಮ್ಮ, ಇವಳು ಹುಡುಗಿ. ನನ್ನ ಮಗಳಿಗಿಂತ ಚಿಕ್ಕವಳು. ಇಷ್ಟು ದಿನ ಅಮ್ಮ ಅಂದ್ರೆ ನನಗಿಂತ ದೊಡ್ಡವಳು ಅಂದ್ಕೊಂಡಿದ್ದೆ. ಇಷ್ಟೇ ಇಷ್ಟಿರೋ ಹುಡುಗೀನ ಅಮ್ಮ ಅಂತ ಹೇಗೆ ಕರೀಲಿ?”

“ಇಪ್ಪತ್ತೊಂದು ಅವಳಿಗೆ” ಎಂದರು ದೊಡ್ಡಮ್ಮ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. “ಬಂದಳಲ್ಲ. ಕೊನೆಗೂ ಬಂದಳಲ್ಲ ಕತ್ತೆ.”

ಆಮೇಲೆ ಎದ್ದದ್ದು ಹಾಳೆ ಯಾರ ಮನೆಯಲ್ಲಿರಬೇಕು ಎಂಬ ಮಾತು. ಒಂದೇ ಕಾಗದ. ಈ ಮುಖದಲ್ಲಿ ಅವರ ತಂಗಿ, ಆ ಮುಖದಲ್ಲಿ ಇವರ ಮದುವೆ. ನಕಲು ಮಾಡಿಸಿಕೊಂಡು ಹೋಗುತ್ತೇವೆ ಎಂದಳು ಟೈಲರಮ್ಮ. ತಾತ ಒಪ್ಪಲಿಲ್ಲ. “ಐವತ್ತಮೂರು ವರ್ಷ ಮುಖ ಕೆಳಗೆ ಮಾಡಿ ಮಲಗಿಸಿದ್ದೆ. ಇನ್ನು ಅವರು ನಿಮ್ಮ ಹತ್ರ ಇರಲಿ. ಆದ್ರೆ ಒಂದು ಮಾತು, ಗಟ್ಟಿಯಾಗಿ ಅಂಟಿಸೋದು ಬೇಡ. ಅಂಟಿಸೋ ಕೆಲಸ ನನಗೆ ಸಾಕಾಯ್ತು.”

ಹಾಗಾಗಿ ಹಾಳೆ ಒಣಗಿದ ಮೇಲೆ, ಎರಡು ಚೂರನ್ನೂ ಎರಡು ಗಾಜಿನ ನಡುವೆ ಕೂರಿಸಿ, ಮೇಲೊಂದು ಕೆಳಗೊಂದು ಮೊಳೆಯ ಮೇಲೆ ಸರ್ರನೆ ತಿರುಗುವ ಚೌಕಟ್ಟು ಮಾಡಿಸಿದರು. ಅದು ಈಗ ಹೊಲಿಗೆ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಪಕ್ಕದಲ್ಲಿದೆ. ಅಳತೆ ಕೊಡಲು ಬಂದ ಮಕ್ಕಳು ಯಾರಿದು ಎಂದು ಕೇಳುತ್ತಾರೆ.

ತಾತ ಮನೆಯಲ್ಲಿ ಒಂದಾದ ಮೇಲೆ ಒಂದು ಆಲ್ಬಮ್ಮಿನ ಪುಟಗಳನ್ನು ನೀರಿಗಿಳಿಸುತ್ತಿದ್ದಾರೆ. ಈಗ ಒಂದು ಅಂಚಿಗೆ ಮಾತ್ರ ಎಳೆಯಷ್ಟು ಅಂಟು, ಕಾರ್ಟೂನು ಬಾಗಿಲಿನ ಹಾಗೆ ತೆರೆಯುತ್ತದೆ. ಮೀಟರ್ ನೋಡುವವನಿಗೆ ಈಗ ಎರಡು ಪಟ್ಟು ತಡ. “ಹಿಂದುಗಡೆನೂ ನೋಡಿ ಸ್ವಾಮಿ, ಎಂಥ ಕಿಟಕಿ!”

ತಿಂಗಳಿಗೊಂದು ಸಲ ತಾತ, ಅಜ್ಜಿ ಇಬ್ಬರೂ ಹೊಲಿಗೆ ಅಂಗಡಿಗೆ ಹೋಗುತ್ತಾರೆ. ಮೊದಲು ಕಿಟಕಿಯ ಹುಡುಗಿಗೆ ಎದುರಾಗಿ ಸ್ವಲ್ಪ ಹೊತ್ತು ಕೂರುತ್ತಾರೆ. ಆಮೇಲೆ ತಾತ ಕೆಮ್ಮುತ್ತಾರೆ. ಟೈಲರಮ್ಮನಿಗೆ ಅರ್ಥವಾಗುತ್ತದೆ. ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಲ್ಲಿ ನಿಲ್ಲಿಸಿ, ಎದ್ದು ಬಂದು, ಚೌಕಟ್ಟಿನ ಅಂಚಿಗೆ ಎರಡು ಬೆರಳು ಇಡುತ್ತಾಳೆ. ದಿನವಿಡೀ ಪುಟ್ಟ ಹುಡುಗಿಯರ ಭುಜ ಹಿಡಿದು ಅಳತೆ ತೆಗೆಯುವಾಗ ಹೇಳುವ ಅದೇ ದನಿಯಲ್ಲಿ ಹೇಳುತ್ತಾಳೆ:

“ಎಲ್ಲಿ, ಒಂದು ಸ್ವಲ್ಪ ಆ ಕಡೆ ತಿರುಗು ನೋಡೋಣ, ಅಮ್ಮ.”